ಸೀಸೆಯೊಳಗೆ ಸಕ್ಕರೆ ಬಂದ ಕಥೆ

ಉಡುಮಲೈ, ಕಿಣತ್ತುಕಡವು ಕಡೆಯ ಬೇಸಾಯಗಾರರಿಗೆ ತಕ್ಕಾಳಿ ಅಂದ್ರೆ ಜೂಜು. ಬೆಲೆ ಇದ್ದಾಗ ಪೆಟ್ಟಿಗೆಗಟ್ಟಲೆ ಲಾರಿ ಏರುತ್ತೆ. ಬೆಲೆ ಬಿದ್ದಾಗ ಕೀಳುವ ಕೂಲಿಯೂ ಹುಟ್ಟೋದಿಲ್ಲ. ಅಂಥ ಒಂದು ವಾರ ನಮ್ಮ ಮನೆಯಲ್ಲಿ ಹಣ್ಣಿನ ರಾಶಿ ಬಿದ್ದಿತ್ತು. ಅದೇ ವಾರ ಮಗ ಅಂಗಡಿಯಿಂದ ಕೆಚಪ್ ಸೀಸೆ ತಂದ! ನಮ್ಮತ್ತೆಗೆ ಸಕ್ಕರೆ ಕಾಯಿಲೆ, ಆದರೂ ದೋಸೆಗೆ ಅದೇ ಬೇಕು. ಸೀಸೆ ತಿರುಗಿಸಿ ಓದಿದರೆ ಸಕ್ಕರೆಯ ಹೆಸರು ಎದ್ದು ಕಾಣುತ್ತೆ. ಹುಳಿ ಹಣ್ಣಿನ ಸಾಸಿಗೆ ಇಷ್ಟು ಸಕ್ಕರೆ ಯಾಕೆ ಬಂತು?

ಕೆಚಪ್ ಹುಟ್ಟಿದಾಗ ಅದರಲ್ಲಿ ತಕ್ಕಾಳಿಯೇ ಇರಲಿಲ್ಲ. ಚೀನಾದ ತೆಂಕಣ ಕರಾವಳಿಯವರು ಮೀನಿಗೆ ಉಪ್ಪು ಹಾಕಿ ಹುದುಗಿಸಿದ ರಸಕ್ಕೆ ಹತ್ತಿರ ಹತ್ತಿರ ಇದೇ ಹೆಸರಿತ್ತು. ಅದನ್ನು ಕಂಡ ಇಂಗ್ಲಿಷರು ಅಣಬೆಯಲ್ಲಿ, ಅಕ್ರೋಟಿನಲ್ಲಿ ಮಾಡಿ ನೋಡಿದರು. 1812ರಲ್ಲಿ ಅಮೆರಿಕದ ಜೇಮ್ಸ್ ಮೀಸ್ ತಕ್ಕಾಳಿ ಕೆಚಪ್ಪಿನ ವಿಧಾನ ಅಚ್ಚು ಹಾಕಿಸಿದ. ಅದರಲ್ಲಿ ಮಸಾಲೆ ಇತ್ತು, ಬ್ರಾಂದಿ ಇತ್ತು, ಸಕ್ಕರೆ ಇರಲಿಲ್ಲ.

ಆಮೇಲೆ ಕಾರ್ಖಾನೆಗಳು ಬಂದವು. ಸಾಸು ಕೆಡದಿರಲಿ ಅಂತ ಸೋಡಿಯಂ ಬೆಂಜೊಯೇಟ್ ಹಾಕುತ್ತಿದ್ದರು. ಅದು ಒಳ್ಳೆಯದಲ್ಲ ಅಂತ ಸರ್ಕಾರಿ ರಸಾಯನತಜ್ಞ ಹಾರ್ವೆ ವೈಲಿ ಹೋರಾಡಿದ. 1906ರಲ್ಲಿ ಅಮೆರಿಕದಲ್ಲಿ ಆಹಾರ ಕಾಯಿದೆ ಬಂತು. ಆ ಹೊತ್ತಿಗೆ ಹೈನ್ಜ್ ಕಂಪನಿ ಬೆಂಜೊಯೇಟ್ ಬಿಟ್ಟು, ಅದರ ಬದಲು ವಿನೆಗರ್, ಸಕ್ಕರೆ ಜಾಸ್ತಿ ಮಾಡಿತು. ನಾಲಿಗೆಗಳು ಆ ಸಿಹಿಗೆ ಒಗ್ಗಿಹೋದವು.

ನಮ್ಮ ಕಡೆ ತಕ್ಕಾಳಿ ಬಂದದ್ದೇ ತಡವಾಗಿ. ಪೋರ್ಚುಗೀಸರ ಹಡಗಿನ ಜೊತೆ ಬಂದರೂ, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೂ ಅದನ್ನು ಹೆಚ್ಚಾಗಿ ಬೆಳೆಯುತ್ತಿದ್ದದ್ದು ಯುರೋಪಿನವರಿಗಾಗಿ ಅಂತ ಜಾರ್ಜ್ ವಾಟ್ ಬರೆದಿದ್ದಾನೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನಮ್ಮ ದೇವಾಂಗ, ಒಕ್ಕಲಿಗ ಮನೆಗಳಲ್ಲಿ ತಕ್ಕಾಳಿ ಹಣ್ಣು ತೊಕ್ಕಾಯಿತು. ಉಪ್ಪು, ಖಾರ, ಹುಣಸೆ, ಎಣ್ಣೆ ಅದನ್ನು ಕಾದವು. ಸಕ್ಕರೆ ಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ನಮ್ಮ ದೇಶದಲ್ಲಿ ಹಣ್ಣಿನ ಉತ್ಪನ್ನಗಳಿಗೆ 1955ರಲ್ಲಿ ಕೇಂದ್ರದ ಆದೇಶ ಬಂತು. ಕೆಚಪ್ಪಿನಲ್ಲಿ ಕರಗಿದ ಘನಾಂಶ ನೂರಕ್ಕೆ 25 ಆದರೂ ಇರಬೇಕು ಅನ್ನೋ ನಿಯಮ ಇವತ್ತಿಗೂ ಇದೆ. ಈಗ ಲೆಕ್ಕ ಹಾಕಿ. ತಕ್ಕಾಳಿ ರಸದಲ್ಲಿ ಅಂಥ ಅಂಶ ನೂರಕ್ಕೆ ಸುಮಾರು 5. ನಾಲ್ಕು ಕಿಲೋ ರಸದಲ್ಲಿ 200 ಗ್ರಾಂ ಆಯಿತು. ಬರೀ ಕುದಿಸಿ 25ಕ್ಕೆ ತಂದರೆ ಸಿಗೋದು 800 ಗ್ರಾಂ. ಅದಕ್ಕೇ 200 ಗ್ರಾಂ ಸಕ್ಕರೆ ಸುರಿದರೆ 1,600 ಗ್ರಾಂ! ಹಣ್ಣು ಅಷ್ಟೇ, ಸಾಸು ಎರಡರಷ್ಟು, ಸೌದೆಯೂ ಉಳಿಯಿತು. ಸಕ್ಕರೆ ರುಚಿಗೆ ಮಾತ್ರ ಅಲ್ಲ, ಲಾಭಕ್ಕೂ ಬಂದದ್ದು.

ನಾವು ಮಾಡಿದ್ದು ಹೀಗೆ. ಐದು ಕಿಲೋ ಕೆಂಪಗೆ ಮಾಗಿದ ಹಣ್ಣು ಹೆಚ್ಚಿ, ಈರುಳ್ಳಿ, ಬೆಳ್ಳುಳ್ಳಿ ಜೊತೆ ಬೇಯಿಸಿ, ರುಬ್ಬಿ, ಜರಡಿ ಹಿಡಿದೆವು. ಚಕ್ಕೆ, ಲವಂಗ, ಮೆಣಸು, ಜೀರಿಗೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ರಸಕ್ಕೆ ಇಳಿಬಿಟ್ಟು, ಉಪ್ಪು, ಮೆಣಸಿನ ಪುಡಿ ಹಾಕಿ, ತಳ ಹಿಡಿಯದಂತೆ ಕೈ ಆಡಿಸುತ್ತಾ ಕುದಿಸಿದೆವು. ತಟ್ಟೆಗೆ ಒಂದು ಹನಿ ಬಿಟ್ಟಾಗ ಸುತ್ತ ನೀರು ಬಿಡದಿದ್ದರೆ ಹದ ಬಂತು ಅಂತ ಅರ್ಥ.

ಮೊದಲ ಸಲ ವಿನೆಗರ್ ಹಾಕದೆ, ಸೀಸೆಯನ್ನು ಹೊರಗೇ ಇಟ್ಟೆ. ಹತ್ತನೇ ದಿನ ಬಿಳಿ ಬೂಷ್ಟು! ಇಡೀ ಸೀಸೆ ತಿಪ್ಪೆಗೆ ಹೋಯಿತು. ಸಕ್ಕರೆ ಏನು ಕೆಲಸ ಮಾಡುತ್ತಿತ್ತು ಅನ್ನೋದು ಆವಾಗ ತಿಳಿಯಿತು: ನೀರನ್ನು ಹಿಡಿದಿಟ್ಟು ಬೂಷ್ಟಿಗೆ ಸಿಗದಂತೆ ಮಾಡೋದು. ಸಕ್ಕರೆ ಬಿಟ್ಟ ಮೇಲೆ ಆ ಕಾವಲನ್ನು ಹುಳಿಗೂ ತಣುಪಿಗೂ ಒಪ್ಪಿಸಬೇಕು. ಎರಡನೇ ಸಲ ಕೊನೆಯಲ್ಲಿ ವಿನೆಗರ್ ಸೇರಿಸಿ, ಕುದಿಸಿದ ಸೀಸೆಗೆ ಬಿಸಿಬಿಸಿಯಾಗಿ ತುಂಬಿ, ಆರಿದ ಮೇಲೆ ಫ್ರಿಜ್ಜಿನಲ್ಲಿಟ್ಟು ಬೇಗ ಖಾಲಿ ಮಾಡಿದೆವು.

ಸಕ್ಕರೆ ಹಾಕಿಲ್ಲ ಅಂದರೆ ಸಿಹಿಯೇ ಇಲ್ಲ ಅಂತಲ್ಲ. ಹಣ್ಣಿನ ಸ್ವಂತ ಸಿಹಿ ಕುದಿದು ಗಟ್ಟಿಯಾಗಿರುತ್ತೆ. ಅದಕ್ಕೇ ಅತ್ತೆಯ ತಟ್ಟೆಗೆ ಒಂದೇ ಚಮಚ. ಮೊದಲ ದಿನ ನಾಲಿಗೆಗೆ ಇಟ್ಟುಕೊಂಡು ಅವರು ಅಂದದ್ದು ಇಷ್ಟೇ: “ಇದು ನಮ್ಮವ್ವ ಮಾಡ್ತಿದ್ದ ತೊಕ್ಕು ಕಣೇ, ನುಣ್ಣಗೆ ಮಾಡಿದ್ದೀಯ, ಅಷ್ಟೇ.”