ಎಂಟರ್‌ಪ್ರೈಸ್ 2.0

ವಿಕಿ, ಬ್ಲಾಗ್, ಟ್ಯಾಗ್‌ನಂತಹ ಸಾಮಾಜಿಕ ಜಾಲ ಸಾಧನಗಳನ್ನು ಕಂಪನಿಯ ಒಳಗೇ ಬಳಸಿ, ನೌಕರರು ತಿಳಿವಳಿಕೆ ಹಂಚಿಕೊಳ್ಳುವ ಪದ್ಧತಿ. 2006ರಲ್ಲಿ ಈ ಹೆಸರನ್ನು ಬಳಕೆಗೆ ತಂದವರು ಅಮೆರಿಕದ ವಿದ್ವಾಂಸ ಆಂಡ್ರ್ಯೂ ಮೆಕಾಫಿ. ಇದರ ಬೇರು 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ರೂಪಿಸಿದ ಮೊದಲ ವಿಕಿಯಲ್ಲಿದೆ. ವಿಕಿ ಪುಟವನ್ನು ಓದುವವರೇ ತಿದ್ದಬಹುದು. ಹಳೆಯ ಆವೃತ್ತಿಗಳೆಲ್ಲ ಉಳಿಯುವುದರಿಂದ ತಪ್ಪಾದರೆ ಹಿಂದಿನ ರೂಪಕ್ಕೆ ಮರಳಬಹುದು. ಇಮೇಲ್‌ನಲ್ಲಾದರೆ ಇಬ್ಬರ ನಡುವೆಯೇ ಹೂತುಹೋಗುವ ಉತ್ತರ ಇಲ್ಲಿ ಮುಂದೆ ಕೆಲಸಕ್ಕೆ ಸೇರುವವರಿಗೂ ಹುಡುಕಿದರೆ ಸಿಗುತ್ತದೆ. ಈ ಪದ್ಧತಿಯ ನಿಜವಾದ ಬಲ ಇದೇ. 2004ರ ಕಾನ್‌ಫ್ಲುಯೆನ್ಸ್, 2008ರ ಯಾಮರ್ ಹೆಸರಾದ ತಂತ್ರಾಂಶಗಳು.

ಈ ಹೆಸರು ಹುಟ್ಟುವ ಮೊದಲೇ ಬೆಂಗಳೂರಿನ ಇನ್ಫೋಸಿಸ್ 'ಕೆ-ಶಾಪ್' ಎಂಬ ಒಳಜಾಲ ಭಂಡಾರವನ್ನು ಕಟ್ಟಿತ್ತು. ಅನುಭವ ಬರೆದುಕೊಟ್ಟವರಿಗೆ ಮಾತ್ರವಲ್ಲ, ಅದನ್ನು ಪರಿಶೀಲಿಸಿದವರಿಗೂ ಅಂಕಗಳು ಸಿಗುತ್ತಿದ್ದವು. ಆ ಅಂಕಗಳನ್ನು ಬಹುಮಾನವಾಗಿ ಬದಲಿಸಿಕೊಳ್ಳಬಹುದಿತ್ತು. ಬರಹಗಳು ಬಂದವು, ಬೇಕಾದ್ದಕ್ಕಿಂತ ಹೆಚ್ಚೇ ಬಂದವು. ಪರಿಶೀಲಕರ ಮೇಲೆ ಹೊರೆ ಬಿತ್ತು, ಗುಣಮಟ್ಟದ ಪ್ರಶ್ನೆ ಎದ್ದಿತು. ಕೊನೆಗೆ ಬಹುಮಾನದ ಕ್ರಮವನ್ನೇ ತಿದ್ದಿ, ಬರಹ ಎಷ್ಟು ಉಪಯೋಗಕ್ಕೆ ಬಂತು ಎಂಬುದಕ್ಕೆ ಹೆಚ್ಚು ಬೆಲೆ ಕೊಡಲಾಯಿತು. ಜ್ಞಾನ ನಿರ್ವಹಣೆಯ ಅಧ್ಯಯನಗಳಲ್ಲಿ ಇದು ಇಂದಿಗೂ ಓದಲೇಬೇಕಾದ ಪ್ರಕರಣ.