ಹಾಸಿಗೆ ಸುರುಳಿಯಿಂದ ಕೂಪನ್‌ವರೆಗೆ

ಇಟಲಿಯ ಗುಂಪು ಪ್ರವಾಸ ರೈಲಿನಿಂದ ಹುಟ್ಟಿತು ಎನ್ನುವುದು ವಾಡಿಕೆಯ ಮಾತು. ನನಗದು ಅರ್ಧ ಸತ್ಯ, ಉಳಿದರ್ಧ ಪೆಟ್ಟಿಗೆಯೊಳಗಿದೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಮರಿಯಾನಾ ಸ್ಟಾರ್ಕ್ ತನ್ನ ಪ್ರವಾಸ ಕೈಪಿಡಿಯಲ್ಲಿ ಇಂಗ್ಲಿಷ್ ಕುಟುಂಬಗಳಿಗೆ ಕಟ್ಟಿಕೊಳ್ಳಲು ಹೇಳಿದ ಸಾಮಾನು ನೋಡಿ: ಚರ್ಮದ ಹಾಸು, ದಿಂಬು, ಕಂಬಳಿ, ಸೊಳ್ಳೆಪರದೆ, ಚಹಾದ ಕೆಟಲ್, ಅಫೀಮೂ ಸೇರಿದಂತೆ ಔಷಧಿಗಳು, ಕೋಣೆಯ ಬಾಗಿಲಿಗೆ ತಾವೇ ಸಿಕ್ಕಿಸಿಕೊಳ್ಳುವ ಬೀಗ. ಛತ್ರದವನನ್ನು ನಂಬದವರ ಪಟ್ಟಿ ಇದು. ರೈಲು ಈ ಗಂಟನ್ನು ಬೇಗ ಸಾಗಿಸಬಲ್ಲದಾಗಿತ್ತೇ ಹೊರತು ಬಿಚ್ಚಿಸಬಲ್ಲದಾಗಿರಲಿಲ್ಲ. ಬೆಚ್ಚನೆಯ ಹಾಸಿಗೆಯ ಭರವಸೆ ಅದರ ಟಿಕೆಟ್ಟಿನಲ್ಲಿ ಇರಲಿಲ್ಲ. 1864ರಲ್ಲಿ ಇಟಲಿಗೆ ಗುಂಪು ಕರೆದೊಯ್ದ ಥಾಮಸ್ ಕುಕ್, 1868ರಲ್ಲಿ ಹೋಟೆಲ್ ಕೂಪನ್ ತಂದ. ಊಟ, ಹಾಸಿಗೆಗಳ ಹಣ ಊರಲ್ಲೇ ಸಂದಾಯವಾದ ಮೇಲೆ ಕಂಬಳಿಯ ಭಾರ ಕಾಗದಕ್ಕಿಳಿಯಿತು.

ಹೀಗೆ ಸಲೀಸಾಗಿ ಬಂದವರು ಏನು ಕಂಡಾರು, ಬರೀ ಹಿಂಡು ಎಂಬ ಆಕ್ಷೇಪ ಆಗಲೇ ಇತ್ತು. ಕಾದಂಬರಿಕಾರ ಚಾರ್ಲ್ಸ್ ಲೀವರ್ 1865ರಲ್ಲಿ ಅವರನ್ನು ಹೀಯಾಳಿಸಿ ಬರೆದ. ಆದರೆ ಹಿಂದಿನ ಶ್ರೀಮಂತ ಯುವಕನೇನು ಒಂಟಿಯಾಗಿ ಬಂದಿದ್ದನೇ? ಬೋಧಕ, ಆಳುಕಾಳು, ಪರಿಚಯಪತ್ರಗಳ ಕಟ್ಟು ಎಲ್ಲವೂ ಜೊತೆಗಿದ್ದವು.