ನಮ್ಮ ರಾಜನ ಸೊಂಟ

ನಮ್ಮ ರಾಜನಿಗೆ ಹತ್ತು ತಿಂಗಳು ತುಂಬುವ ಹೊತ್ತಿಗೆ ಅವನ ನಡಿಗೆ ಬದಲಾಯಿತು. ಓಡುವಾಗ ಹಿಂಗಾಲೆರಡನ್ನೂ ಒಟ್ಟಿಗೇ ಎತ್ತಿ ಮೊಲದಂತೆ ಕುಪ್ಪಳಿಸುತ್ತಿದ್ದ. ಮಕ್ಕಳು ನಕ್ಕರು, ನಾನೂ ನಕ್ಕೆ. ಆಮೇಲೆ ಮೆಟ್ಟಿಲು ಹತ್ತಲು ಅವನು ಹಿಂದೆಮುಂದೆ ನೋಡತೊಡಗಿದ. ಬೆಳಿಗ್ಗೆ ನಮ್ಮ ಅತ್ತೆಯವರಂತೆಯೇ ಎರಡು ಸಲ ಪ್ರಯತ್ನಿಸಿ ಮೂರನೆಯ ಸಲಕ್ಕೆ ಏಳುವುದನ್ನು ಕಂಡಾಗ ನಗು ನಿಂತಿತು.

ರಾಜ ಅಲ್ಸೇಷಿಯನ್. ಮನೆಯವರು ಬೆಂಗಳೂರಿನಿಂದ ಸಾವಿರಾರು ರೂಪಾಯಿ ಕೊಟ್ಟು ತಂದ ಮರಿ. ಮಾರಿದವರು ಅವನ ಅಪ್ಪ, ತಾತ, ಮುತ್ತಾತಂದಿರ ಹೆಸರು, ಅವರು ಗೆದ್ದ ಬಹುಮಾನ ಎಲ್ಲವನ್ನೂ ಬರೆದ ಕಾಗದ ಕೊಟ್ಟಿದ್ದರು. ಅವರ ಸೊಂಟದ ಸುದ್ದಿ ಮಾತ್ರ ಅದರಲ್ಲಿರಲಿಲ್ಲ. ಕೇಳಬೇಕೆಂದು ನಮಗೂ ತಿಳಿದಿರಲಿಲ್ಲ. ಜಾತಕ ಕೂಡಿಸಿ ಆರೋಗ್ಯ ವಿಚಾರಿಸದೆ ಮದುವೆ ಮಾಡಿದವರ ಪಾಡಾಯಿತು ನಮ್ಮದು.

ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ತೊಡೆಮೂಳೆಯ ತುದಿಯಲ್ಲಿ ಒಂದು ಗುಂಡು, ಅದು ಕೂರುವುದಕ್ಕೆ ಸೊಂಟದ ಮೂಳೆಯಲ್ಲಿ ಒಂದು ಬಟ್ಟಲು. ನಮ್ಮ ಅಡಿಗೆಮನೆಯ ಒರಳಿನಲ್ಲಿ ಗುಂಡುಕಲ್ಲು ಕೂತ ಹಾಗೆ ಎನ್ನಿ. ರಾಜನ ಬಟ್ಟಲು ತಟ್ಟೆಯಂತೆ ಚಪ್ಪಟೆಯಾಗಿ, ಗುಂಡು ಅರ್ಧ ಹೊರಗೇ ಇತ್ತು. ಹುಟ್ಟುವಾಗ ಮರಿಯ ಕೀಲು ಸರಿಯಾಗಿಯೇ ಇರುತ್ತದೆ. ಬೆಳೆಯುವಾಗ ಕಟ್ಟು ಸಡಿಲವಾಗಿ, ಗುಂಡು ಅತ್ತಿತ್ತ ಸರಿದು ಬಟ್ಟಲು ಸವೆಯುತ್ತದೆ, ಕೊನೆಗೆ ಸಂಧಿವಾತ. ಇದಕ್ಕೆ ಹಿಪ್ ಡಿಸ್‌ಪ್ಲೇಸಿಯಾ ಎಂದು ಹೆಸರು. ವಂಶದಿಂದ ಬರುವುದು.

ಮದಕರಿಪುರದಲ್ಲಿ ಅಮ್ಮನಿಗೆ ಈ ಕಥೆ ಹೇಳಿದೆ. ಚಿತ್ರದುರ್ಗದ ಪಾಳೆಯಗಾರನ ಹೆಸರು ಹೊತ್ತ ಊರು ನನ್ನ ತವರು. ಅಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತ, "ನಮ್ಮ ಕರಿಯನಿಗೆ ಸೊಂಟ ಇತ್ತು, ಸೊಂಟದ ಕಾಯಿಲೆ ಇರಲಿಲ್ಲ" ಎಂದರು. ಕರಿಯ ಕುರಿಹಿಂಡಿನ ಹಿಂದೆ ಮೈಲಿಗಟ್ಟಲೆ ಓಡಿ, ಮುದ್ದೆಯ ಚೂರು ತಿಂದು ಮುದಿಯಾದ ನಾಯಿ. ಅಮ್ಮನ ಮಾತು ಮುದುಕರ ಹಳೆಯ ಕಾಲದ ಹೊಗಳಿಕೆ ಎಂದುಕೊಂಡೆ. ಆದರೂ ಮನಸ್ಸು ತಡೆಯದೆ, ಸಿಕ್ಕ ಪುಸ್ತಕಗಳನ್ನೆಲ್ಲ ಓದಿದೆ.

ಅಲ್ಸೇಷಿಯನ್ ಎಂಬ ತಳಿ ಅನಾದಿ ಕಾಲದ್ದಲ್ಲ. 1899ರಲ್ಲಿ ಜರ್ಮನಿಯ ಸೇನಾಧಿಕಾರಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಒಂದು ಕುರಿಕಾಯುವ ನಾಯಿಯನ್ನು ಕೊಂಡು, ಹೋರಾಂಡ್ ಎಂದು ಹೆಸರಿಟ್ಟು, ತಳಿಯ ದಫ್ತರದಲ್ಲಿ ಮೊದಲನೆಯದಾಗಿ ಬರೆಸಿದ. ಆ ಒಂದು ನಾಯಿಯ ರಕ್ತವನ್ನೇ ಮತ್ತೆ ಮತ್ತೆ ಕೂಡಿಸಿ ತಳಿ ಬೆಳೆಸಿದರು. ಜರ್ಮನಿಯ ಹೆಸರೇ ಬೇಡವೆಂದು ಮೊದಲ ಮಹಾಯುದ್ಧದ ಕಾಲಕ್ಕೆ ಇಂಗ್ಲಿಷರು ಇಟ್ಟ ಹೆಸರು ಅಲ್ಸೇಷಿಯನ್. ನಾವು ಇನ್ನೂ ಅದನ್ನೇ ಹೇಳುತ್ತೇವೆ.

ನಾಯಿಗಳ ಈ ಕಾಯಿಲೆಯನ್ನು 1935ರಲ್ಲಿ ಮೊದಲು ಬರೆದು ಗುರುತಿಸಿದವರು ಅಮೆರಿಕದ ಪಶುವೈದ್ಯ ಗೆರಿ ಶ್ನೆಲ್. 1966ರಲ್ಲಿ ಲ್ಯಾಬ್ರಡಾರ್‌ಗಳನ್ನು ಸಾಕುತ್ತಿದ್ದ ಜಾನ್ ಓಲಿನ್ ಎಂಬ ಉದ್ಯಮಿ ಇದಕ್ಕಾಗಿಯೇ ಒಂದು ಸಂಸ್ಥೆ ಕಟ್ಟಿದ. ಎರಡು ವರ್ಷ ತುಂಬಿದ ನಾಯಿಯ ಎಕ್ಸ್‌ರೇಯನ್ನು ಅಲ್ಲಿ ಮೂವರು ತಜ್ಞರು ಬೇರೆಬೇರೆಯಾಗಿ ನೋಡುತ್ತಾರೆ. ಆ ಲೆಕ್ಕ ಓದಿ ಬೆರಗಾದೆ. ಬುಲ್‌ಡಾಗ್‌ಗಳಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು. ಭಾರಿ ಗಾತ್ರದ ಸೇಂಟ್ ಬರ್ನಾರ್ಡ್‌ನಲ್ಲಿ ಹತ್ತಿರಹತ್ತಿರ ಅರ್ಧ. ನಮ್ಮ ರಾಜನ ಜಾತಿಯಲ್ಲಿ ಸುಮಾರು 20, ಲ್ಯಾಬ್ರಡಾರ್‌ನಲ್ಲಿ 12ರ ಆಸುಪಾಸು. ದೊಡ್ಡ ಮೈಯವಕ್ಕೆ ಬರುವ ಕಾಯಿಲೆ ಇರಬೇಕೆಂದುಕೊಂಡರೆ, ಮೊಬೈಲ್ ಜಾಹೀರಾತಿನಿಂದ ಮನೆಮನೆಗೆ ಬಂದ ಪುಟ್ಟ ಪಗ್ ಕೂಡ ಬುಲ್‌ಡಾಗಿನ ಪಕ್ಕದಲ್ಲೇ ಕೂತಿದೆ! ಇಷ್ಟಾಗಿ, ಎಕ್ಸ್‌ರೇಯಲ್ಲಿ ಎದ್ದು ಕಾಣುವಷ್ಟು ಕೆಟ್ಟಿದ್ದರೆ ಎಷ್ಟೋ ಜನ ಹಾಳೆಯನ್ನು ಸಂಸ್ಥೆಗೆ ಕಳಿಸುವುದೇ ಇಲ್ಲ. ನಿಜದ ಲೆಕ್ಕ ಇನ್ನೂ ಹೆಚ್ಚೇ ಇದ್ದೀತು.

ಪಟ್ಟಿಯ ಕೊನೆಗೆ ಗ್ರೇಹೌಂಡ್, ಸಲೂಕಿ, ಬೋರ್ಜೋಯ್. ನೂರಕ್ಕೆ ಎರಡೋ ಮೂರೋ. ಕಣ್ಣಿಗೆ ಬಿದ್ದ ಬೇಟೆಯನ್ನು ಓಡಿ ಹಿಡಿಯುವ ತೆಳುಸೊಂಟದ ನಾಯಿಗಳು. ನಮ್ಮ ಮುಧೋಳ ನಾಯಿಯೂ ಇದೇ ಬಳಗದ್ದು. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಆ ಸೀಮೆಯ ಬೇಡರ ಬಳಿಯಿದ್ದ ಬೇಟೆನಾಯಿಗಳನ್ನು ಕಂಡು ಮೆಚ್ಚಿ, ಆರಿಸಿ ಬೆಳೆಸಿ, ಒಂದು ಜೋಡಿಯನ್ನು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರು. 2005ರಲ್ಲಿ ಅದಕ್ಕೆ ಅಂಚೆಚೀಟಿಯ ಗೌರವ, 2016ರಲ್ಲಿ ಮೀರತ್ತಿನ ಸೇನಾ ಕೇಂದ್ರದಲ್ಲಿ ತರಬೇತಿ. ದುರ್ಗದ ಪಾಳೆಯಗಾರರೂ ಬೇಡ ನಾಯಕರೇ. ಅಮ್ಮನ ಕರಿಯನ ಉದ್ದ ಮೂತಿ, ಒಳಸೇರಿದ ಹೊಟ್ಟೆ ನೆನೆದರೆ ಅವನಿಗೂ ಈ ನೆಂಟಸ್ತಿಕೆ ಇತ್ತೇನೋ ಎನ್ನಿಸುತ್ತದೆ. ಇದು ಇತಿಹಾಸವಲ್ಲ, ತವರಿನ ಅಭಿಮಾನ.

ಮೊಲ ಹಿಡಿಯಲಾರದ ನಾಯಿಯ ಮರಿಯನ್ನು ಬೇಟೆಗಾರ ಸಾಕುತ್ತಿರಲಿಲ್ಲ. ಅಲ್ಲಿ ಆರಿಸುತ್ತಿದ್ದದ್ದು ಓಟ. ಬುಲ್‌ಡಾಗನ್ನು ಆರಿಸಿದ್ದು ಕನ್ನಡಿಯ ಮುಂದೆ ಕೂತ ನಾವು.

ತಪ್ಪೆಲ್ಲ ಮಾರಿದವರದೇ ಎಂದು ಸುಮ್ಮನಿರಬಹುದಿತ್ತು. ಆದರೆ ಇನ್ನೊಂದು ಸಂಗತಿ ಓದಿದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿಜೋಡಿಯಾಗಿ ಸಾಕಿ, ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಊಟ ಕೊಟ್ಟು ಜೀವಮಾನವಿಡೀ ನೋಡಿದರಂತೆ. 2002ರಲ್ಲಿ ಫಲಿತಾಂಶ ಬಂತು. ಕಡಿಮೆ ಉಂಡವಕ್ಕೆ ಸೊಂಟದ ತೊಂದರೆ ಕಡಿಮೆ, ಆಯುಸ್ಸು ಸುಮಾರು ಎರಡು ವರ್ಷ ಹೆಚ್ಚು. ನಾನೋ, ರಾಜನಿಗೆ ದಿನಕ್ಕೆ ಮೂರು ಹೊತ್ತು ಹಾಲು, ತುಪ್ಪದ ಅನ್ನ ಕೊಟ್ಟು, ಅವನ ಮೈ ತುಂಬಿದ್ದನ್ನು ನೆರೆಯವರಿಗೆ ತೋರಿಸಿ ಹಿಗ್ಗಿದವಳು. ಮೇಲೆ ನುಣುಪಾದ ಗ್ರಾನೈಟ್ ನೆಲ. ವಂಶ ಕೊಟ್ಟ ಸಡಿಲ ಕೀಲಿಗೆ ನನ್ನ ಅಕ್ಕರೆ ಭಾರ ಹೇರಿತು. ಹಾಲಿನ ಪಾತ್ರೆ ಎತ್ತಿಟ್ಟ ದಿನ ಅವನು ನೋಡಿದ ನೋಟ ಮರೆಯಲಾರೆ. ನಡುಮನೆಯ ತುಂಬ ತೆಂಗಿನ ನಾರಿನ ಚಾಪೆ ಹಾಸಿದೆ. ಮೈ ಇಳಿದಂತೆ ನೋವೂ ಇಳಿಯಿತು. ಅವನು ಒಂಬತ್ತು ವರ್ಷ ಬದುಕಿದ, ಮೆಟ್ಟಿಲು ಮಾತ್ರ ಮತ್ತೆ ಹತ್ತಲಿಲ್ಲ.

ಈಗ ಮಗನಿಗೆ ಮುಧೋಳ ಮರಿ ಬೇಕಂತೆ. ಹೆಸರಾದ ಮೇಲೆ ಅದಕ್ಕೂ ಬೆಲೆ ಬಂದಿದೆ. ಓಡುವುದನ್ನು ಕಾಣದವರು ಚಿತ್ರ ನೋಡಿ ಕೊಳ್ಳುತ್ತಾರೆ. ಮಾರುವವರೊಬ್ಬರಿಗೆ ಫೋನ್ ಮಾಡಿ, ಮರಿಯ ಅಪ್ಪ ಅಮ್ಮನ ಸೊಂಟದ ಎಕ್ಸ್‌ರೇ ಇದೆಯೇ ಎಂದು ಕೇಳಿದೆ. ಆತ ನಕ್ಕು, "ಏನಮ್ಮಾ, ಸಂಬಂಧ ನೋಡೋಕೆ ಬಂದಿದ್ದೀರಾ?" ಎಂದ. ಹೌದಪ್ಪಾ ಎಂದೆ. ಹಾಗಾದರೆ ಅವು ಓಡುವುದನ್ನಾದರೂ ತೋರಿಸಿ ಎಂದಿದ್ದೇನೆ. ಭಾನುವಾರ ಬನ್ನಿ ಎಂದಿದ್ದಾನೆ. ಅಮ್ಮನನ್ನೂ ಕರೆದುಕೊಂಡು ಹೋಗಬೇಕು.